ನಮ್ಮ ಮತವನ್ನು ಎರಡು ರಾಶಿ ಮಾಡಬೇಡಿ: ಕೇರಳದ ಮೂರು ರಂಗಗಳ ನಾಯಕರಿಗೆ ಮಂಜೇಶ್ವರದಿಂದ ಒಂದು ಬಹಿರಂಗ ಪತ್ರ

ಸಿಪಿಎಂ ನೇತೃತ್ವದ ಎಡರಂಗ, ಕಾಂಗ್ರೆಸ್ ನೇತೃತ್ವದ ಐಕ್ಯರಂಗ ಹಾಗೂ ಬಿಜೆಪಿ ನೇತೃತ್ವದ ಎನ್‌ಡಿಎ ಒಕ್ಕೂಟದ ರಾಜ್ಯ ನಾಯಕರಿಗೆ,
ತಿರುವನಂತಪುರ

ಮಾನ್ಯರೇ,

ಕಾಸರಗೋಡು ಜಿಲ್ಲೆಯಲ್ಲಿ ಕರ್ನಾಟಕದ ಗಡಿಗೆ ತಾಗಿರುವ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಒಬ್ಬ ಮತದಾರನಾಗಿ, ಇಲ್ಲಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ಅಧ್ಯಾಪಕನಾಗಿ ಈ ಪತ್ರವನ್ನು ನಿಮ್ಮ ಮೂರೂ ರಂಗಗಳಿಗೆ ಒಟ್ಟಾಗಿ ಬರೆಯುತ್ತಿದ್ದೇನೆ. ಒಂದೇ ಪಕ್ಷಕ್ಕೆ ಬರೆದಿದ್ದರೆ ಇದು ಇನ್ನೊಂದು ಪಕ್ಷದವರು ಬರೆಸಿದ ಪತ್ರವೆಂದು ಜನ ತಿಳಿಯುತ್ತಿದ್ದರು. ನಮ್ಮೂರಿನಲ್ಲಿ ಈಗ ಯಾರು ಏನು ಮಾತಾಡಿದರೂ ಅದರ ಹಿಂದೆ ಒಂದು ಚಿಹ್ನೆಯನ್ನು ಹುಡುಕುವ ರೂಢಿ ಬಂದುಬಿಟ್ಟಿದೆ, ನನ್ನ ದೂರು ಹುಟ್ಟಿದ್ದೂ ಅಲ್ಲಿಂದಲೇ. 2026ರ ವಿಧಾನಸಭಾ ಚುನಾವಣೆ ಹತ್ತಿರ ಬಂದಿರುವಾಗ, ಅಭ್ಯರ್ಥಿಗಳ ಹೆಸರು ಗೋಡೆಯ ಮೇಲೆ ಏರುವ ಮೊದಲೇ ಇದನ್ನು ಹೇಳಿಬಿಡುವುದು ಒಳ್ಳೆಯದೆಂದು ನನಗೆ ತೋರಿತು.

ಮಂಜೇಶ್ವರದವರು ಯಾರಿಗೆ ಮತ ಹಾಕುತ್ತಾರೆ ಎಂದು ಕೇಳಿದರೆ ನಿಮ್ಮ ಮೂರೂ ರಂಗಗಳ ಕಚೇರಿಗಳಲ್ಲಿ ಒಂದೇ ಉತ್ತರ ಸಿದ್ಧವಾಗಿರುತ್ತದೆ: ಮುಸಲ್ಮಾನರ ಮತ ಐಕ್ಯರಂಗದ ಮುಸ್ಲಿಂ ಲೀಗಿಗೆ, ಹಿಂದೂಗಳ ಮತ ಬಿಜೆಪಿಗೆ, ಎಡರಂಗ ಯಾರ ಬುಟ್ಟಿಯಿಂದ ಎಷ್ಟು ತೆಗೆಯುತ್ತದೋ ಅದರ ಮೇಲೆ ಫಲಿತಾಂಶ. ದೂರದರ್ಶನದ ಚರ್ಚೆಗಳಲ್ಲಿ ನಿಮ್ಮ ವಕ್ತಾರರು ಇದನ್ನೇ ಹೇಳುತ್ತಾರೆ. ಪ್ರಚಾರಕ್ಕೆ ಬರುವ ಕಾರ್ಯಕರ್ತರೂ ಇದನ್ನೇ ನಂಬಿ ಬರುತ್ತಾರೆ. ಇದು ಪೂರ್ತಿ ಸುಳ್ಳೆಂದು ನಾನು ವಾದಿಸುವುದಿಲ್ಲ. ಧರ್ಮವನ್ನು ನೋಡಿ ಮತ ಹಾಕುವವರು ನಮ್ಮಲ್ಲಿ ಇದ್ದಾರೆ, ಇತ್ತೀಚಿನ ವರ್ಷಗಳಲ್ಲಿ ಅವರ ಸಂಖ್ಯೆ ಹೆಚ್ಚಿದೆ ಎಂಬುದೂ ನನ್ನ ಗಮನದಲ್ಲಿದೆ. ಆದರೆ ಈ ಗಡಿನಾಡಿನ ಮತದಾರರು ಕಳೆದ ಎಪ್ಪತ್ತು ವರ್ಷಗಳಲ್ಲಿ ನಡೆದು ಬಂದ ದಾರಿಯನ್ನು ನೋಡಿದವರು ಇಷ್ಟು ಸುಲಭದ ಲೆಕ್ಕವನ್ನು ಒಪ್ಪಲಾರರು.

1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ದಿನದಿಂದ ಅದು ಕೇರಳಕ್ಕೆ ಸೇರಿತು. ಮರುವರ್ಷ ನಡೆದ ಕೇರಳದ ಮೊದಲ ಚುನಾವಣೆಯಲ್ಲಿ ರಾಜ್ಯವಿಡೀ ಕಮ್ಯೂನಿಸ್ಟರು ಮತ್ತು ಕಾಂಗ್ರೆಸಿಗರು ಎದುರುಬದುರಾಗಿ ನಿಂತಿದ್ದಾಗ, ಮಂಜೇಶ್ವರದಿಂದ ಎಂ. ಉಮೇಶ ರಾವ್ ಸ್ವತಂತ್ರ ಅಭ್ಯರ್ಥಿಯಾಗಿ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ, ಕಾಸರಗೋಡು ಕನ್ನಡ ರಾಜ್ಯಕ್ಕೆ ಸೇರಬೇಕೆಂದು ಹೋರಾಡಿದ ಕರ್ನಾಟಕ ಸಮಿತಿಯಿಂದ ಬಂದ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು, 1967ರಲ್ಲೂ ಅವರೇ ಗೆದ್ದರು. ಆ ಹತ್ತು ಹದಿಮೂರು ವರ್ಷ ನಮ್ಮ ಮತಕ್ಕಿದ್ದ ವಿಷಯ ಒಂದೇ: ನಾವು ಯಾವ ರಾಜ್ಯದಲ್ಲಿರಬೇಕು, ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ಓದಬೇಕು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಜಾರಿಯಾಗಲಿಲ್ಲ, ಆಗುವ ಸೂಚನೆಯೂ ಕಾಣಲಿಲ್ಲ.

ಅನಂತರ ನಮ್ಮ ಜನ ಮಾಡಿದ್ದನ್ನು ನೀವು ಗಮನವಿಟ್ಟು ನೋಡಬೇಕು. ಸಮಿತಿಗೆ ಮತ ಹಾಕಿದ್ದ ಇದೇ ಊರುಗಳು 1970ರಲ್ಲಿ ಸಿಪಿಐಯ ಎಂ. ರಾಮಪ್ಪ ಅವರನ್ನು ಗೆಲ್ಲಿಸಿದವು, 1977ರಲ್ಲಿ ಅವರನ್ನೇ ಮತ್ತೆ ಕಳಿಸಿದವು. 1980 ಮತ್ತು 1982ರಲ್ಲಿ ಅದೇ ಪಕ್ಷದ ಎ. ಸುಬ್ಬರಾವ್ ಗೆದ್ದರು, ರಾಜ್ಯದ ನೀರಾವರಿ ಸಚಿವರೂ ಆದರು. ಲೋಕಸಭೆಯ ಕಥೆಯೂ ಹೀಗೆಯೇ ಇದೆ. ಕಾಸರಗೋಡು ಕ್ಷೇತ್ರದಿಂದ 1980ರಲ್ಲಿ ಸಿಪಿಎಂನ ಎಂ. ರಾಮಣ್ಣ ರೈ, 1984ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ, 1989 ಮತ್ತು 1991ರಲ್ಲಿ ಮತ್ತೆ ರಾಮಣ್ಣ ರೈ ಆಯ್ಕೆಯಾದರು. ಎಡವೋ ಬಲವೋ ಎಂಬ ಜಗಳ ಆಗಲೂ ಜೋರಾಗಿಯೇ ಇತ್ತು, ಆದರೆ ಎರಡೂ ಪಕ್ಷಗಳು ನಮ್ಮ ಭಾಷೆ ಆಡುವ, ನಮ್ಮ ತೋಟ ಗದ್ದೆಗಳ ನಡುವೆ ಬೆಳೆದ ವ್ಯಕ್ತಿಯನ್ನು ನಮ್ಮ ಮುಂದೆ ನಿಲ್ಲಿಸುವಷ್ಟು ಗೌರವವನ್ನು ನಮಗೆ ಕೊಟ್ಟಿದ್ದವು.

1987ರಿಂದ ಸತತ ನಾಲ್ಕು ಬಾರಿ ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಅವರು ಇಲ್ಲಿಂದ ಗೆದ್ದರು. ಹಾಗಾದರೆ ಕ್ಷೇತ್ರ ಲೀಗಿನ ಕೋಟೆಯಾಯಿತೆಂದು ಬರೆದವರು 2006ರಲ್ಲಿ ಅದನ್ನು ತಿದ್ದಿಕೊಳ್ಳಬೇಕಾಯಿತು. ಆ ವರ್ಷ ಸಿಪಿಎಂನ ಸಿ.ಎಚ್. ಕುಂಞಂಬು ಗೆದ್ದರು, ಬಿಜೆಪಿ ಎರಡನೆಯ ಸ್ಥಾನಕ್ಕೆ ಬಂತು, ಲೀಗು ಮೂರನೆಯ ಸ್ಥಾನಕ್ಕೆ ಇಳಿಯಿತು. 2011ರಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಅವರ ಮೂಲಕ ಲೀಗು ಮರಳಿತು. ಸ್ವತಂತ್ರರು, ಸಿಪಿಐ, ಲೀಗು, ಸಿಪಿಎಂ, ಎಲ್ಲರನ್ನೂ ಗೆಲ್ಲಿಸಿ ಸೋಲಿಸಿದ ಕ್ಷೇತ್ರವನ್ನು ಧರ್ಮದ ಎರಡು ರಾಶಿ ಎಂದು ಕರೆಯುವುದು ಸತ್ಯಕ್ಕೆ ಮಾಡುವ ಅನ್ಯಾಯ.

2016ರ ಫಲಿತಾಂಶವನ್ನು ನೀವೆಲ್ಲರೂ ಬಾಯಿಪಾಠ ಮಾಡಿದ್ದೀರಿ. ಅಬ್ದುಲ್ ರಜಾಕ್ ಅವರಿಗೆ 56,870 ಮತ, ಬಿಜೆಪಿಯ ಕೆ. ಸುರೇಂದ್ರನ್ ಅವರಿಗೆ 56,781 ಮತ, ಅಂತರ ಬರೀ 89. 2021ರಲ್ಲಿ ಎ.ಕೆ.ಎಂ. ಅಶ್ರಫ್ ಅವರು ಅದೇ ಸುರೇಂದ್ರನ್ ಅವರನ್ನು 745 ಮತಗಳಿಂದ ಸೋಲಿಸಿದರು. ನಮ್ಮನ್ನು ನೋಡುವ ನಿಮ್ಮ ದೃಷ್ಟಿ ಪೂರ್ತಿ ಬದಲಾದದ್ದು ಈ 89ರ ಬಳಿಕ ಎಂದು ನನ್ನ ಅಭಿಪ್ರಾಯ. ಇಷ್ಟು ಸಣ್ಣ ಅಂತರದಲ್ಲಿ ಸೋಲುಗೆಲುವು ಆಗುವಲ್ಲಿ ಹೊಸ ಮತದಾರನ ಮನಸ್ಸನ್ನು ಒಲಿಸುವುದಕ್ಕಿಂತ ಇದ್ದ ಮತ ಸೋರದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸವೆಂದು ಪಕ್ಷಗಳಿಗೆ ಅನ್ನಿಸಿತು, ಮತ ಸೋರದಿರಲು ಅತಿ ಸುಲಭದ ಉಪಾಯವೆಂದರೆ ಇನ್ನೊಬ್ಬರು ಗೆದ್ದರೆ ಏನಾದೀತೆಂಬ ಹೆದರಿಕೆಯನ್ನು ಎರಡೂ ಕಡೆ ಹಬ್ಬಿಸುವುದು. ಆದರೆ ಆ ಎರಡೂ ಚುನಾವಣೆಗಳಲ್ಲಿ ಮೂರನೆಯ ಸ್ಥಾನಕ್ಕೆ ಹೋದ ಎಡರಂಗದ ಅಭ್ಯರ್ಥಿಗೂ ನಲವತ್ತು ಸಾವಿರಕ್ಕೂ ಹೆಚ್ಚು ಮತ ಬಂದಿತ್ತು. ಗೆಲ್ಲುವುದಿಲ್ಲ ಎಂದು ತಿಳಿದೂ ತಮ್ಮ ನಂಬಿಕೆಯನ್ನು ಬಿಡದ ಆ ನಲವತ್ತು ಸಾವಿರ ಜನರಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು, ಕ್ರೈಸ್ತರೂ ಇದ್ದರು. ಅವರನ್ನು ನಿಮ್ಮ ಯಾವ ರಾಶಿಗೆ ಹಾಕುತ್ತೀರಿ? ಮತ ಒಡೆದವರು ಎಂಬ ಆರೋಪವನ್ನು ಅವರ ಮೇಲೆ ಹೊರಿಸುವುದನ್ನು ಮಾತ್ರ ನಾನು ಕೇಳಿದ್ದೇನೆ.

ನಾನು ಕಣ್ಣಾರೆ ಕಂಡದ್ದನ್ನು ಇಲ್ಲಿ ಹೇಳಬೇಕು. ಕಳೆದ ಕೆಲವು ಚುನಾವಣೆಗಳಲ್ಲಿ ನಮ್ಮ ವಾರ್ಡಿಗೆ ಬರುವ ಕಾರ್ಯಕರ್ತರ ಕೈಯಲ್ಲಿ ಮತದಾರರ ಪಟ್ಟಿಯ ಪ್ರತಿ ಇರುತ್ತದೆ, ಪ್ರತಿ ಮನೆಯ ಮುಂದೆ ಒಂದು ಗುರುತು ಹಾಕಿರುತ್ತದೆ. ತಮ್ಮದೆಂದು ಗುರುತಿಸಿದ ಮನೆಗೆ ಅವರು ಹೋಗುವುದು ಚೀಟಿ ಕೊಡಲಿಕ್ಕೆ ಮಾತ್ರ. ಎದುರಾಳಿಗಳದ್ದೆಂದು ಗುರುತಿಸಿದ ಮನೆಗೆ ಹೋಗುವುದೇ ಇಲ್ಲ. ಈ ಪದ್ಧತಿ ಒಂದು ಪಕ್ಷದ್ದಲ್ಲ, ಮೂರೂ ಕಡೆಯ ಯುವಕರ ಕೈಯಲ್ಲಿ ನಾನು ಇಂಥ ಪಟ್ಟಿಯನ್ನು ನೋಡಿದ್ದೇನೆ, ಅವರಲ್ಲಿ ಹಲವರು ನನ್ನಲ್ಲಿಯೇ ಓದಿದವರು. ಗುರುತು ಹಾಕುವುದು ಹೇಗೆಂದು ಕೇಳಿದಾಗ ಒಬ್ಬ ಸಂಕೋಚದಿಂದ, 'ಹೆಸರು ನೋಡಿದರೆ ಗೊತ್ತಾಗುವುದಿಲ್ಲವಾ ಮಾಷ್ಟ್ರೇ' ಎಂದ. ಹೀಗೆ ಹೆಸರಿನಿಂದಲೇ ಮನೆಯ ಮತ ತೀರ್ಮಾನವಾದ ಮೇಲೆ ಆ ಮನೆಯ ಹಾಳಾದ ರಸ್ತೆ, ಬಾವಿಯ ನೀರು, ಮಗಳ ಉದ್ಯೋಗದ ಅರ್ಜಿ, ಇದಾವುದನ್ನೂ ಕೇಳುವ ಅಗತ್ಯ ಯಾರಿಗೂ ಬೀಳುವುದಿಲ್ಲ.

ನನ್ನ ತರಗತಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ, ಮಲಯಾಳ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕನ್ನಡದಲ್ಲಿ ಗಣಿತ ಕಲಿತರು. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಪುತ್ತಿಗೆ, ಕುಂಬಳೆ, ಎಣ್ಮಕಜೆ ಎಂಬ ಈ ಎಂಟು ಪಂಚಾಯತುಗಳಲ್ಲಿ ಕನ್ನಡ ಮಾಧ್ಯಮದ ಶಾಲೆ ಎಂದರೆ ಒಂದು ಧರ್ಮದವರ ಶಾಲೆ ಎಂದು ಯಾರೂ ತಿಳಿದದ್ದಿಲ್ಲ. 2021ರಲ್ಲಿ ಶಾಸಕ ಅಶ್ರಫ್ ಅವರು ತಿರುವನಂತಪುರದ ಸದನದಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ, ಅವರಿಗೆ ಮತ ಹಾಕದ ಅನೇಕರು ಸಂತೋಷಪಟ್ಟದ್ದನ್ನು ನಾನು ಬಲ್ಲೆ. ಹೀಗೆ ಎಲ್ಲರನ್ನೂ ಸೇರಿಸುವ ವಿಷಯವೊಂದು ನಮ್ಮಲ್ಲಿದ್ದೂ ಅದು ನಿಮ್ಮ ಪ್ರಚಾರದಲ್ಲಿ ಬರುವುದು ವೇದಿಕೆಯ ಮೊದಲ ಎರಡು ವಾಕ್ಯಗಳಲ್ಲಿ ಮಾತ್ರ. 'ಎಲ್ಲರಿಗೂ ನಮಸ್ಕಾರ' ಎಂದು ಕನ್ನಡದಲ್ಲಿ ಹೇಳಿ, ಉಳಿದ ಅರ್ಧ ಗಂಟೆ ಬೇರೆ ಭಾಷೆಯಲ್ಲಿ ಬೇರೆಯದನ್ನೇ ಮಾತಾಡಿ ಹೋಗುವ ನಾಯಕರನ್ನು ನಾವು ಎಲ್ಲ ಪಕ್ಷಗಳಲ್ಲೂ ನೋಡಿದ್ದೇವೆ.

ಕನ್ನಡದ ಅಭ್ಯರ್ಥಿಯನ್ನು ನಿಲ್ಲಿಸಿದರೂ ನೀವು ಗೆಲ್ಲಿಸಲಿಲ್ಲವಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2019ರ ಉಪಚುನಾವಣೆಯಲ್ಲಿ ಬಿಜೆಪಿ ರವೀಶ ತಂತ್ರಿ ಕುಂಟಾರು ಅವರನ್ನು, ಸಿಪಿಎಂ ಶಂಕರ ರೈ ಅವರನ್ನು ನಿಲ್ಲಿಸಿತು. ಗೆದ್ದವರು ಲೀಗಿನ ಎಂ.ಸಿ. ಕಮರುದ್ದೀನ್, ಅಂತರ 7,923. ಭಾಷೆಯೊಂದನ್ನೇ ನೋಡಿ ನಮ್ಮವರು ಮತ ಹಾಕುವುದಿಲ್ಲ ಎಂಬುದನ್ನು ಇದರಿಂದ ನೀವು ತಿಳಿಯಬಹುದು, ನಾನೂ ಒಪ್ಪುತ್ತೇನೆ. ಆದರೆ ಅಭ್ಯರ್ಥಿಯ ಮಾತು ಕನ್ನಡವಾಗಿದ್ದರೆ ಸಾಲದು, ಅವರ ಕೈಯಲ್ಲಿ ಪಕ್ಷ ಕೊಟ್ಟ ಒಂದು ಲಿಖಿತ ಭರವಸೆಯಾದರೂ ಇರಬೇಕಿತ್ತು. ಆ ಚುನಾವಣೆಯಲ್ಲಿ ನಾನು ಕೇಳಿದ ಭಾಷಣಗಳಲ್ಲಿ ಶಬರಿಮಲೆಯ ಚರ್ಚೆ ಬೇಕಾದಷ್ಟಿತ್ತು, ಕನ್ನಡ ಶಾಲೆಗಳ ಅಧ್ಯಾಪಕರ ನೇಮಕದ ಚರ್ಚೆ ಇರಲಿಲ್ಲ.

ಆ ನೇಮಕದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಆಯುಷ್ಯ ಕಳೆದದ್ದು ಅಲ್ಲಿ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಸರಿಯಾಗಿ ಬಾರದವರು ನೇಮಕಗೊಂಡು ಬರುವುದು, ಮಕ್ಕಳಿಗೆ ಪಾಠ ಅರ್ಥವಾಗದೆ ಹೆತ್ತವರು ಶಾಲೆಯ ಮುಂದೆ ಧರಣಿ ಕೂರುವುದು, ಬಂದವರು ರಜೆಯ ಮೇಲೆ ಹೋಗಿ ಆ ವರ್ಷವಿಡೀ ಗಣಿತವೋ ಸಮಾಜವಿಜ್ಞಾನವೋ ಪಾಠವಿಲ್ಲದೆ ಉಳಿಯುವುದು, ಇದು ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಮತ್ತೆ ಮತ್ತೆ ನಡೆದಿದೆ. ಬಂದ ಅಧ್ಯಾಪಕರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಹೊಟ್ಟೆಪಾಡಿಗೆ ಪರೀಕ್ಷೆ ಬರೆದು ಬಂದವರು. ಒಂದು ಮಗು ಐದನೆಯ ತರಗತಿಯಲ್ಲಿ ಕಳೆದುಕೊಂಡ ಗಣಿತವನ್ನು ಹತ್ತನೆಯ ತರಗತಿಯಲ್ಲಿ ತುಂಬಿಕೊಡುವುದು ಎಷ್ಟು ಕಷ್ಟವೆಂದು ಅಧ್ಯಾಪಕರಾದವರಿಗೆ ಗೊತ್ತು. ಅಂಥ ಮಕ್ಕಳಲ್ಲಿ ಲೀಗಿನ ಮನೆಯವರೂ ಇದ್ದರು, ಬಿಜೆಪಿಯ ಮನೆಯವರೂ ಇದ್ದರು, ಕಮ್ಯೂನಿಸ್ಟರ ಮನೆಯವರೂ ಇದ್ದರು.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ನಮಗೆ ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಹಕ್ಕು ಕಾಗದದಲ್ಲಿದೆ, ಕಚೇರಿಗೆ ಹೋದರೆ ಅರ್ಜಿ ನಮೂನೆ ಮಲಯಾಳದಲ್ಲಿ ಮಾತ್ರ ಸಿಗುವುದೇ ಹೆಚ್ಚು. 2017ರ ಕಾಯ್ದೆ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿತು. 2025ರ ಅಕ್ಟೋಬರ್‌ನಲ್ಲಿ ವಿಧಾನಸಭೆ ಅಂಗೀಕರಿಸಿದ ಮಲಯಾಳ ಭಾಷಾ ಮಸೂದೆಯಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳವೇ ಮೊದಲ ಭಾಷೆ ಎಂಬ ಮಾತು ಬಂದ ಮೇಲೆ ಗಡಿನಾಡಿನಲ್ಲಿ ಆತಂಕ ಹೆಚ್ಚಿದೆ. ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆಯ ಕಲಮು ಅದರಲ್ಲಿಯೇ ಇದೆ ಎಂದು ಸರ್ಕಾರ ಹೇಳುತ್ತಿದೆ. 1969ರ ರಕ್ಷಣೆಯನ್ನು ಇಷ್ಟು ವರ್ಷ ಅನುಭವಿಸಿದ ನಮಗೆ ಕಲಮು ಇದೆ ಎಂಬ ಉತ್ತರ ಸಮಾಧಾನ ಕೊಡುವುದಿಲ್ಲ. ನಾವು ಮಲಯಾಳದ ವಿರೋಧಿಗಳಲ್ಲ. ನಮ್ಮ ನೆರೆಮನೆಯ ಭಾಷೆ ಅದು, ನಮ್ಮಲ್ಲಿ ಬಹಳಷ್ಟು ಜನ ಅದನ್ನು ಸಲೀಸಾಗಿ ಆಡುತ್ತೇವೆ. ಗೋವಿಂದ ಪೈಗಳ ಮತ್ತು ಕಯ್ಯಾರ ಕಿಞ್ಞಣ್ಣ ರೈಗಳ ಊರಿನ ಮಕ್ಕಳು ತಮ್ಮ ಕವಿಗಳನ್ನು ಓದಲಾರದವರಾಗಿ ಬೆಳೆಯಬಾರದು ಎಂಬುದಷ್ಟೇ ನಮ್ಮ ಕೋರಿಕೆ.

ಭಾಷೆಯ ಹೊರತಾದ ದುಃಖಗಳೂ ಧರ್ಮ ನೋಡಿ ಬಂದವಲ್ಲ. ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ 2000ದವರೆಗೆ ವಿಮಾನದಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಎಣ್ಮಕಜೆಯ ಪಡ್ರೆಯಲ್ಲಿ ಯಾವ ಮನೆಯವರು ಯಾರಿಗೆ ಮತ ಹಾಕಿದರೆಂದು ಕೇಳಲಿಲ್ಲ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಬೇಕಾಯಿತು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆಯಾಯಿತು, ಇವತ್ತಿಗೂ ಗಂಭೀರ ಕಾಯಿಲೆಯಾದರೆ ನಾವು ಓಡುವುದು ಮಂಗಳೂರಿಗೆ. 2020ರ ಮಾರ್ಚ್‌ನಲ್ಲಿ ಕೊರೋನಾದ ಹೆಸರಿನಲ್ಲಿ ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ, ಆಂಬುಲೆನ್ಸುಗಳು ಹಿಂತಿರುಗಿ ಬಂದು ರೋಗಿಗಳು ಪ್ರಾಣ ಕಳೆದುಕೊಂಡರು. ದಾರಿ ತೆರೆಯಲು ಕೇರಳ ಹೈಕೋರ್ಟು ಆದೇಶ ಕೊಡಬೇಕಾಯಿತು. ನಮ್ಮನ್ನು ತನ್ನವರೆಂದು ಕರೆಯುವ ರಾಜ್ಯ ಬಾಗಿಲು ಹಾಕಿಕೊಂಡಿತು, ನಾವು ಸೇರಿದ ರಾಜ್ಯದಲ್ಲಿ ಹೋಗಲು ಹತ್ತಿರದಲ್ಲಿ ಆಸ್ಪತ್ರೆ ಇರಲಿಲ್ಲ. ಆ ದಿನಗಳ ಸಂಕಟ ಮರುವರ್ಷದ ಚುನಾವಣೆಯಲ್ಲಿ ಒಂದು ಮುಖ್ಯ ವಿಷಯವಾಗಬೇಕಿತ್ತು. ನಾನು ಹೋದ ಯಾವ ಸಭೆಯಲ್ಲೂ ಆಗಲಿಲ್ಲ.

ಇನ್ನು ಒಂದೊಂದು ರಂಗಕ್ಕೂ ಪ್ರತ್ಯೇಕವಾಗಿ ಎರಡು ಮಾತು. ಎಡರಂಗದ ನಾಯಕರೇ, ರಾಮಪ್ಪ, ಸುಬ್ಬರಾವ್, ರಾಮಣ್ಣ ರೈಗಳ ಕಾಲದಲ್ಲಿ ಕನ್ನಡ ಮಾತಾಡುವ ಕೂಲಿಕಾರರೂ ಗೇಣಿದಾರರೂ ನಿಮ್ಮ ಪಕ್ಷವನ್ನು ತಮ್ಮದೆಂದು ತಿಳಿದದ್ದು ಭೂಮಿಯ ಪ್ರಶ್ನೆಯಲ್ಲಿ ನೀವು ಅವರ ಜೊತೆ ನಿಂತದ್ದರಿಂದ. ಭಾಷೆಯ ಪ್ರಶ್ನೆಯಲ್ಲಿ ಅದೇ ಜನ ನಿಮ್ಮ ಸರ್ಕಾರದ ವಿರುದ್ಧ ಜಿಲ್ಲಾಧಿಕಾರಿ ಕಚೇರಿಯ ಮುಂದೆ ನಿಲ್ಲಬೇಕಾದುದೇಕೆ ಎಂದು ನಿಮ್ಮ ಪಕ್ಷದ ಒಳಗೆ ಚರ್ಚಿಸಿರಿ. ಐಕ್ಯರಂಗದ ನಾಯಕರೇ, ಮಂಜೇಶ್ವರ ನಿಮ್ಮದೆಂಬ ಧೈರ್ಯ 89ರಲ್ಲೂ 745ರಲ್ಲೂ ನಿಂತಿದೆ, ನಿಮ್ಮ ಶಾಸಕರು ಕನ್ನಡದಲ್ಲಿ ಪ್ರಮಾಣ ಮಾಡಿದ ಗೌರವಕ್ಕೆ ತಕ್ಕಂತೆ ನಿಮ್ಮ ರಾಜ್ಯಮಟ್ಟದ ಪ್ರಣಾಳಿಕೆಯೂ ನಮ್ಮ ಬಗ್ಗೆ ಮಾತಾಡಬೇಕು. ಬಿಜೆಪಿಯ ನಾಯಕರೇ, ಪ್ರತಿ ಚುನಾವಣೆಗೂ ಮಂಗಳೂರಿನ ಕಡೆಯಿಂದ ಸಚಿವರನ್ನೂ ಶಾಸಕರನ್ನೂ ಕರೆಸಿ ಕನ್ನಡದಲ್ಲಿ ಭಾಷಣ ಮಾಡಿಸುತ್ತೀರಿ, ಅದನ್ನು ಕೇಳಲು ನಮಗೆ ಹಿತವಾಗಿರುತ್ತದೆ. ಆದರೆ ಕನ್ನಡದ ಅಭಿಮಾನವೆಂದರೆ ಹಿಂದೂ ಮತಕ್ಕೆ ಇನ್ನೊಂದು ಹೆಸರು ಎಂಬಂತೆ ನಡೆದುಕೊಂಡಾಗ, ಕನ್ನಡ ಶಾಲೆಯಲ್ಲಿ ಓದಿದ ಬ್ಯಾರಿ ಮುಸಲ್ಮಾನ ಹುಡುಗ ಕನ್ನಡದ ಹೋರಾಟಕ್ಕೆ ಬರಲು ಹಿಂಜರಿಯುತ್ತಾನೆ. ನಮ್ಮ ಹೋರಾಟದ ಬಲ ಅರ್ಧಕ್ಕರ್ಧ ಕುಂದಿದ್ದು ಹೀಗೆಯೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ನಾಮಪತ್ರ ಸಲ್ಲಿಕೆ ಮುಗಿಯುವ ಮೊದಲು ನಿಮ್ಮ ಪ್ರಣಾಳಿಕೆಯನ್ನು ಕನ್ನಡದಲ್ಲಿ ಪೂರ್ತಿಯಾಗಿ ಅಚ್ಚು ಹಾಕಿಸಿ ಎಂಟೂ ಪಂಚಾಯತುಗಳ ಮನೆಗಳಿಗೆ ತಲುಪಿಸಿರಿ. ಸಾರಾಂಶದ ಒಂದು ಹಾಳೆ ಬೇಡ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡದಲ್ಲಿಯೇ ಓದಿದ, ಕನ್ನಡದಲ್ಲಿ ಪಾಠ ಮಾಡಬಲ್ಲವರನ್ನು ಮಾತ್ರ ಲೋಕಸೇವಾ ಆಯೋಗದ ಮೂಲಕ ನೇಮಿಸಲು ನಿಯಮ ತರುತ್ತೇವೆಯೇ ಇಲ್ಲವೇ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ. 'ಕನ್ನಡ ಮತ್ತು ಮಲಯಾಳ ಬಲ್ಲ' ಗುಮಾಸ್ತರ ಹುದ್ದೆಗಳು ನಮ್ಮ ಕಚೇರಿಗಳಲ್ಲಿ ಎಷ್ಟು ಖಾಲಿ ಇವೆ, ಯಾವಾಗ ತುಂಬುತ್ತೀರಿ ಎಂಬುದನ್ನೂ ತಿಳಿಸಿರಿ. ಭಾಷಾ ಮಸೂದೆಯ ರಕ್ಷಣೆಯ ಕಲಮು ಕನ್ನಡ ಶಾಲೆಯ ಒಂದನೆಯ ತರಗತಿಯ ಮಗುವಿಗೆ ಹೇಗೆ ಅನ್ವಯವಾಗುತ್ತದೆ ಎಂಬುದನ್ನು ಆಳುವ ರಂಗವೂ ವಿರೋಧ ರಂಗಗಳೂ ತಮ್ಮ ತಮ್ಮ ನಿಲುವಾಗಿ ಹೇಳಬೇಕು. ಗಡಿಯ ರೋಗಿಗಳಿಗೆ ಮಂಗಳೂರಿನ ಆಸ್ಪತ್ರೆಗಳಲ್ಲಿ ಯಾವ ಕಾಲದಲ್ಲೂ ತಡೆಯಿಲ್ಲದ ಚಿಕಿತ್ಸೆ ಸಿಗುವಂತೆ ಎರಡು ರಾಜ್ಯಗಳ ನಡುವೆ ಲಿಖಿತ ಒಪ್ಪಂದಕ್ಕೆ ಪ್ರಯತ್ನಿಸುತ್ತೀರೆಂಬ ಮಾತೂ ಬೇಕು.

ಜೊತೆಗೆ, ಮೂರೂ ರಂಗಗಳ ಅಭ್ಯರ್ಥಿಗಳು ಒಂದೇ ವೇದಿಕೆಯಲ್ಲಿ ಕುಳಿತು ಮತದಾರರ ಪ್ರಶ್ನೆಗಳಿಗೆ ಉತ್ತರಿಸುವ ಸಭೆಯನ್ನು ಕಡಿಮೆಯೆಂದರೆ ಉಪ್ಪಳ, ಕುಂಬಳೆ ಮತ್ತು ಪೆರ್ಲದಲ್ಲಿ ನಡೆಸಲು ನಿಮ್ಮ ಜಿಲ್ಲಾ ಘಟಕಗಳಿಗೆ ಸೂಚಿಸಬೇಕು. ಜಾಗವನ್ನೂ ಸಮಯವನ್ನೂ ಗೊತ್ತುಮಾಡುವ ಕೆಲಸವನ್ನು ನಾವು ಕೆಲವು ನಿವೃತ್ತ ಅಧ್ಯಾಪಕರು, ಎಲ್ಲ ಧರ್ಮದವರೂ ಸೇರಿ, ವಹಿಸಿಕೊಳ್ಳಲು ಸಿದ್ಧರಿದ್ದೇವೆ. ಮನೆಗಳ ಮುಂದೆ ಹೆಸರು ನೋಡಿ ಗುರುತು ಹಾಕುವ ಪದ್ಧತಿಯನ್ನು ನಿಲ್ಲಿಸುವಂತೆ ನಿಮ್ಮ ಬೂತ್ ಸಮಿತಿಗಳಿಗೆ ಲಿಖಿತವಾಗಿ ತಿಳಿಸಿರಿ. ಎಲ್ಲ ಮನೆಗಳಿಗೂ ಹೋಗಿರಿ, ಮತ ಕೊಡುವುದಿಲ್ಲ ಎನ್ನುವ ಮನೆಯಲ್ಲೂ ಐದು ನಿಮಿಷ ಕುಳಿತು ಅವರ ಮಾತು ಕೇಳಿರಿ. ನಿಮ್ಮ ಉತ್ತರ ಮಲಯಾಳದಲ್ಲಿದ್ದರೂ ಅಡ್ಡಿಯಿಲ್ಲ, ಓದಿ ಊರಿನವರಿಗೆ ತಿಳಿಸುವ ಹೊಣೆ ನಮ್ಮದು.

ತಮ್ಮ ವಿಶ್ವಾಸಿ,

ಮಂಜೇಶ್ವರ ಕ್ಷೇತ್ರದ ಒಬ್ಬ ಮತದಾರ,
ನಿವೃತ್ತ ಕನ್ನಡ ಮಾಧ್ಯಮ ಅಧ್ಯಾಪಕ